ಬಂದರಿನ ಸುತ್ತಾಟಕ್ಕೂ ಸಾಗರ ದಾಟೋದಕ್ಕೂ ಒಂದೇ ಹಳೇ ಹಾಯಿದೋಣಿ: ಆರಿಸೋದು ಹೇಗೆ?

ಕೈಯಲ್ಲಿರುವ ದುಡ್ಡು ಕಡಿಮೆ. ಆಸೆ ಎರಡು. ರಜೆ ಸಿಕ್ಕಾಗೆಲ್ಲ ಬಂದರಿನೊಳಗೆ, ಕರಾವಳಿಯ ಗುಂಟ ಹಾಯಿ ಬಿಚ್ಚಿ ಸುತ್ತಾಡಬೇಕು. ಮುಂದೊಂದು ದಿನ ಅದೇ ದೋಣಿಯಲ್ಲಿ ಸಾಗರವನ್ನೂ ದಾಟಬೇಕು. ಹೀಗೆ ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಹುಡುಕುವವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಒಂದು ಕಡೆ 30 ಅಡಿಯ, ಅಗಲವಾದ, ಒಳಗೆ ತಲೆ ಬಗ್ಗಿಸದೆ ಓಡಾಡಬಹುದಾದ ದೋಣಿ. ಇನ್ನೊಂದು ಕಡೆ ಅದೇ ಬೆಲೆಗೆ 27 ಅಡಿಯ, ಇಕ್ಕಟ್ಟಾದ, 50 ವರ್ಷ ಹಳೆಯದು. ಆದರೆ ಆ ಮಾದರಿಯ ದೋಣಿಗಳು ಎಷ್ಟೋ ಸಾಗರಗಳನ್ನು ದಾಟಿವೆ.

ಯಾವುದು ಅಂತ ಕೇಳುವ ಮೊದಲು ಒಂದು ಮಾತು. ದೋಣಿಯಲ್ಲಿ ಕೆಲವನ್ನು ಆಮೇಲೆ ಬದಲಿಸಬಹುದು, ಕೆಲವನ್ನು ಆಗುವುದೇ ಇಲ್ಲ. ಹಾಯಿ, ಹಗ್ಗ, ಬ್ಯಾಟರಿ, ಒಲೆ, ಹಾಸಿಗೆ, ಕೊನೆಗೆ ಎಂಜಿನ್ ಕೂಡ ಬದಲಿಸಬಹುದು. ಒಡಲಿನ ಆಕಾರ, ಕೀಲ್ (ದೋಣಿ ಮಗುಚದಂತೆ ತಳದಲ್ಲಿರುವ ಭಾರದ ರೆಕ್ಕೆ) ಕೂತಿರುವ ರೀತಿ, ಚುಕ್ಕಾಣಿಗಿರುವ ಆಧಾರ ಮಾತ್ರ ಕೊಂಡ ದಿನ ಹೇಗಿರುತ್ತವೋ ಕೊನೆವರೆಗೂ ಹಾಗೇ. ಸಾಗರದ ಆಸೆ ಗಟ್ಟಿಯಾಗಿದ್ದರೆ, ಬದಲಿಸಲಾಗದ್ದಕ್ಕೆ ಮೊದಲು ದುಡ್ಡು ಹೋಗಲಿ. ಬಂದರಿನ ಸುತ್ತಾಟವೇ ಸಾಕು ಅನ್ನುವವರಿಗೆ ಈ ಲೆಕ್ಕ ತಿರುವುಮುರುವು. ಅವರಿಗೆ ಒಳ್ಳೆ ಎಂಜಿನ್, ಸೋರದ ಡೆಕ್, ಹೊಸ ಹಾಯಿ ಇರುವ ದೋಣಿಯೇ ಸರಿ.

ಯಾವ ಅಳತೆಯಲ್ಲಿ ತೂಗಬೇಕು?

ಮೊದಲನೆಯದು, ಮಗುಚಿದರೆ ತಾನೇ ಏಳುತ್ತದಾ ಅನ್ನುವುದು. 1979ರ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯಕ್ಕೆ ಬ್ರಿಟನ್ನಿನಿಂದ ಹೊರಟ 303 ದೋಣಿಗಳು ತೂಫಾನಿಗೆ ಸಿಕ್ಕಿದವು. 15 ಮಂದಿ ಸ್ಪರ್ಧಿಗಳು ಸತ್ತರು. ಎಷ್ಟೋ ದೋಣಿಗಳು ಅಲೆಯ ಹೊಡೆತಕ್ಕೆ ಪೂರ್ತಿ ಉರುಳಿದವು. ಕೆಲವು ತಲೆಕೆಳಗಾಗಿ ಹಾಗೇ ಸ್ವಲ್ಪ ಹೊತ್ತು ನಿಂತುಬಿಟ್ಟವು. ಆ ದುರಂತದ ತನಿಖೆಯ ಬೆನ್ನಿಗೆ ಒಂದು ಸರಳ ಲೆಕ್ಕ ಬಳಕೆಗೆ ಬಂತು. ದೋಣಿಯ ತೂಕವನ್ನು ಪೌಂಡಿನಲ್ಲಿ ತಗೊಂಡು 64ರಿಂದ ಭಾಗಿಸಿ. ಬಂದ ಸಂಖ್ಯೆಯ ಘನಮೂಲ ತೆಗೆಯಿರಿ. ದೋಣಿಯ ಅಗಲವನ್ನು ಅಡಿಯಲ್ಲಿ ತಗೊಂಡು ಆ ಘನಮೂಲದಿಂದ ಭಾಗಿಸಿ. ಉತ್ತರ 2ಕ್ಕಿಂತ ಕಡಿಮೆ ಬಂದರೆ ಸಾಗರದ ಕಡೆಗೆ ಮುಖ ಮಾಡಬಹುದು.

ಫೋನಿನ ಕ್ಯಾಲ್ಕುಲೇಟರ್‌ನಲ್ಲೇ ಮಾಡಿ ನೋಡಿ. ಮಾದರಿಯ ಹೆಸರಿನ ಜೊತೆಗಿರುವ ಸಂಖ್ಯೆ ಅದರ ಉದ್ದ, ಹೆಚ್ಚುಕಡಿಮೆ ಅಡಿಗಳಲ್ಲಿ. ವೆಸ್ಟ್‌ಸೇಲ್ 32ರ ಅಗಲ 11 ಅಡಿ, ತೂಕ ಸುಮಾರು 19,500 ಪೌಂಡ್, ಉತ್ತರ 1.63. ಕಾಂಟೆಸಾ 32ರ ಅಗಲ 9.5 ಅಡಿ, ತೂಕ ಸುಮಾರು 9,500 ಪೌಂಡ್, ಉತ್ತರ 1.79. ಆಲ್ಬಿನ್ ವೇಗಾ 27ಕ್ಕೆ ಸುಮಾರು 1.88. ಕ್ಯಾಟಲಿನಾ 30ಕ್ಕೆ ಸರಿಯಾಗಿ 2ರ ಗೆರೆಯ ಮೇಲೆ. ಈ ಲೆಕ್ಕಕ್ಕೆ ಒಂದು ಕೊರತೆ ಇದೆ. ತಳದಲ್ಲಿರುವ ಸೀಸ ಅಥವಾ ಕಬ್ಬಿಣದ ಭಾರ ಎಷ್ಟು ಕೆಳಗಿದೆ ಅಂತ ಇದು ನೋಡುವುದೇ ಇಲ್ಲ. ಹಾಗಾಗಿ ಇದನ್ನು ಜರಡಿಯಾಗಿ ಬಳಸಿ, ತೀರ್ಪಾಗಿ ಅಲ್ಲ. ಸಾಧ್ಯವಾದರೆ ಆ ಮಾದರಿ ಎಷ್ಟು ಡಿಗ್ರಿ ವಾಲಿದ ಮೇಲೂ ಮರಳಿ ಏಳುತ್ತದೆ ಅನ್ನುವ ಅಂಕಿ ಹುಡುಕಿ. ಕಾಂಟೆಸಾ 32ಕ್ಕೆ ಅದು 155ರ ಆಸುಪಾಸು. ಹೊಸ ಕಾಲದ ಅಗಲ ದೋಣಿಗಳಲ್ಲಿ 120ರ ಹತ್ತಿರ ನಿಲ್ಲುವುದು ಸಾಮಾನ್ಯ.

ಯುರೋಪಿನ ಮಾರುಕಟ್ಟೆಗೆ 1998ರ ಮಧ್ಯಭಾಗದ ನಂತರ ಬಂದ ದೋಣಿಗಳಲ್ಲಿ ಒಂದು ಫಲಕ ಇರುತ್ತದೆ. ಅದರ ಮೇಲೆ ಎ, ಬಿ, ಸಿ, ಡಿ ಅನ್ನುವ ದರ್ಜೆ. ಸಿ ಅಂದರೆ ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ 6ರ ಗಾಳಿ, 2 ಮೀಟರ್ ಅಲೆಯವರೆಗೆ. ಬಿ ಅಂದರೆ 8ರ ಗಾಳಿ, 4 ಮೀಟರ್ ಅಲೆಯವರೆಗೆ. ಅದನ್ನೂ ಮೀರಿದ್ದಕ್ಕೆ ಎ. ನೀವು ಕೊಳ್ಳುವ ಬೆಲೆಯ ದೋಣಿಗಳಲ್ಲಿ ಹೆಚ್ಚಿನವು ಈ ಫಲಕಕ್ಕಿಂತ ಹಳೆಯವು. ಇದ್ದರೂ ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಮಾತು. 25 ವರ್ಷ ಆದ ಮೇಲೆ ದೋಣಿ ಹೇಗಿದೆ ಅಂತ ಅದು ಹೇಳುವುದಿಲ್ಲ.

ಎರಡನೆಯದು ಕೀಲ್ ಮತ್ತು ಚುಕ್ಕಾಣಿ. ಹಳೇ ಶೈಲಿಯ ಉದ್ದ ಕೀಲ್ ಒಡಲಿನ ಜೊತೆಗೇ ಅಚ್ಚಾಗಿರುತ್ತದೆ, ಚುಕ್ಕಾಣಿ ಅದರ ಹಿಂಬದಿಗೆ ಆತುಕೊಂಡಿರುತ್ತದೆ. ನೀರಿನಲ್ಲಿ ತೇಲುವ ಮರದ ದಿಮ್ಮಿ ತಗುಲಿದರೂ ಮೊದಲ ಪೆಟ್ಟು ಕೀಲಿಗೆ. ಇನ್ನೊಂದು ತುದಿಯಲ್ಲಿ ಬೋಲ್ಟ್ ಹಾಕಿ ಬಿಗಿದ ಕಿರಿದಾದ ಕೀಲ್, ಏನೂ ಆಸರೆಯಿಲ್ಲದೆ ನೇತಾಡುವ ಚುಕ್ಕಾಣಿ. ಇದು ಚುರುಕು. ಬಂದರಿನ ಇಕ್ಕಟ್ಟಿನಲ್ಲಿ ತಕ್ಷಣ ತಿರುಗುತ್ತದೆ, ರಿವರ್ಸ್‌ನಲ್ಲೂ ಹೇಳಿದ ಮಾತು ಕೇಳುತ್ತದೆ. ಉದ್ದ ಕೀಲಿನ ದೋಣಿ ರಿವರ್ಸ್‌ನಲ್ಲಿ ತನಗೆ ಬೇಕಾದ ಕಡೆ ಹೋಗುತ್ತದೆ. ಇವೆರಡರ ನಡುವೆ ಒಂದು ದಾರಿ ಇದೆ: ಬೇರೆಯಾದ ಕೀಲ್, ಚುಕ್ಕಾಣಿಯ ಮುಂದೆ ಅದನ್ನು ಹಿಡಿದುಕೊಳ್ಳುವ ಸ್ಕೆಗ್. ನನ್ನ ಒಲವು ಈ ನಡುದಾರಿಯ ಕಡೆಗೇ. ಕಾರಣ ಮುಂದೆ ಹೇಳುತ್ತೇನೆ.

ಮೂರನೆಯದು ಹೊರೆ. ಇದನ್ನು ಜನ ಮರೆಯುತ್ತಾರೆ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ. ಚಿಕ್ಕ ದೋಣಿ ದಿನಕ್ಕೆ 110 ಮೈಲಿ ಹೋದರೆ 25 ದಿನ. ಇಬ್ಬರಿಗೆ ದಿನಕ್ಕೆ ತಲಾ 4 ಲೀಟರ್ ನೀರು ಅಂದರೆ 200 ಲೀಟರ್. ಗಾಳಿ ಕೈಕೊಟ್ಟರೆ ಅಂತ ಅದರ ಅರ್ಧ ಜಾಸ್ತಿ ಇಡಬೇಕು. ನೀರೇ 300 ಕೆಜಿ ಆಯ್ತು. ಊಟದ ಸಾಮಾನು, ಡೀಸೆಲ್, ಲಂಗರಿನ ಸರಪಳಿ, ಬಿಡಿಭಾಗ, ಇಬ್ಬರು ಮನುಷ್ಯರು ಎಲ್ಲ ಸೇರಿ ಒಂದು ಟನ್‌ ಹತ್ತಿರ ಬರುತ್ತದೆ. 9 ಟನ್ ದೋಣಿಗೆ ಇದು ಲೆಕ್ಕಕ್ಕೇ ಇಲ್ಲ. 2.3 ಟನ್ ದೋಣಿ ಕೆಲವು ಇಂಚು ಮುಳುಗುತ್ತದೆ, ಭಾರಕ್ಕೆ ಮಂದವಾಗುತ್ತದೆ. ವೇಗವೂ ಉದ್ದದ ಮೇಲೆ ನಿಂತಿದೆ. ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ತಗೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಒಡಲಿನ ಸಹಜ ಮಿತಿ ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲಿ) ಲೆಕ್ಕದಲ್ಲಿ ಸಿಗುತ್ತದೆ. 20 ಅಡಿಗೆ 6 ನಾಟ್, 25 ಅಡಿಗೆ 6.7. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಮೂರು ವಾರ ಹಗಲೂ ರಾತ್ರಿ ಓಡುವಾಗ ಅದು ಎರಡು, ಮೂರು ದಿನಗಳಾಗುತ್ತದೆ.

ನಾಲ್ಕನೆಯದು ಖರ್ಚು. ಕೊಳ್ಳುವ ಬೆಲೆಗಿಂತ ಕೊಂಡ ಮೇಲಿನ ಖರ್ಚು ದೊಡ್ಡದು. ನಿಲ್ಲಿಸುವ ಜಾಗಕ್ಕೆ, ದಡಕ್ಕೆ ಎತ್ತುವುದಕ್ಕೆ, ತಳಕ್ಕೆ ಬಣ್ಣ ಹಚ್ಚುವುದಕ್ಕೆ ಸಾಮಾನ್ಯವಾಗಿ ಉದ್ದದ ಮೇಲೆ ದರ. ಹಾಯಿ, ಹಗ್ಗ, ಲಂಗರು, ಹಗ್ಗ ಎಳೆಯುವ ವಿಂಚ್‌ಗಳ ಬೆಲೆ ಮಾತ್ರ ಉದ್ದಕ್ಕಿಂತ ಹೆಚ್ಚಾಗಿ ತೂಕದ ಜೊತೆ ಏರುತ್ತದೆ. ಅಂದರೆ 32 ಅಡಿಯ ಎರಡು ದೋಣಿಗಳಲ್ಲಿ ಒಂದು 4 ಟನ್, ಇನ್ನೊಂದು 9 ಟನ್ ಇದ್ದರೆ, ಎರಡನೆಯದರ ಸಾಮಾನೆಲ್ಲ ದುಬಾರಿ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ: ಒಬ್ಬರೇ ನಡೆಸಲು ಆಗುತ್ತದಾ? ಜೊತೆಯವರಿಗೆ ಸಮುದ್ರದ ಕಾಯಿಲೆ ಬಂದು ಮಲಗಿದರೆ ನೀವು ಒಬ್ಬರೇ ತಾನೇ? ದೊಡ್ಡ ಹಾಯಿಯನ್ನು ನೀವೊಬ್ಬರೇ ಇಳಿಸಲಾಗದಿದ್ದರೆ ಆ ದೋಣಿ ನಿಮಗೆ ದೊಡ್ಡದಾಯಿತು.

ಚಿಕ್ಕ, ಹಳೇ, ಉದ್ದ ಕೀಲಿನ ದೋಣಿ: 25ರಿಂದ 28 ಅಡಿ

ಆಲ್ಬಿನ್ ವೇಗಾ, ಕಾಂಟೆಸಾ 26, ಪಿಯರ್ಸನ್ ಟ್ರೈಟನ್, ಫೋಕ್‌ಬೋಟ್‌ನ ಫೈಬರ್ ಮಾದರಿಗಳು ಈ ಗುಂಪಿನವು. ಫೈಬರ್‌ಗ್ಲಾಸ್ ಹೊಸದಾಗಿದ್ದ 1960ರ ದಶಕದಲ್ಲಿ ಒಡಲನ್ನು ದಪ್ಪವಾಗಿಯೇ ಕಟ್ಟುತ್ತಿದ್ದರು. ಆ ಗಟ್ಟಿತನವೇ ಇವನ್ನು ಇವತ್ತಿಗೂ ಉಳಿಸಿದೆ. ವೇಗಾವನ್ನು 1965ರಿಂದ 1979ರವರೆಗೆ ಸ್ವೀಡನ್‌ನಲ್ಲಿ 3,000ಕ್ಕೂ ಹೆಚ್ಚು ಕಟ್ಟಿದರು. ಅಷ್ಟು ದೋಣಿಗಳಿರುವುದರಿಂದ ಬೆಲೆ ಕಡಿಮೆ, ಆ ಮಾದರಿಯ ಕಾಯಿಲೆಗಳೂ ಎಲ್ಲರಿಗೂ ಗೊತ್ತು.

ಇವುಗಳ ದಾಖಲೆ ದೊಡ್ಡದು. ಮ್ಯಾಟ್ ರುದರ್‌ಫರ್ಡ್ 2011–12ರಲ್ಲಿ ವೇಗಾ ಒಂದರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳನ್ನು ಸುತ್ತಿದರು. 309 ದಿನ ಹಿಡಿಯಿತು. ಟಾನಿಯಾ ಏಬಿ 1985ರಲ್ಲಿ 18ನೇ ವಯಸ್ಸಿಗೆ ನ್ಯೂಯಾರ್ಕ್‌ನಿಂದ ಹೊರಟು 1987ರಲ್ಲಿ ಭೂಮಿ ಸುತ್ತಿ ಮರಳಿದ್ದು ಕಾಂಟೆಸಾ 26ರ ವಿನ್ಯಾಸದ ದೋಣಿಯಲ್ಲಿ. ಅದಕ್ಕೆ ಅವರಿಟ್ಟ ಹೆಸರು ‘ವರುಣ’.

ಬಂದರಿನಲ್ಲೂ ಇವು ಸುಖ. ವೇಗಾಕ್ಕೆ 4 ಅಡಿ ಆಳದ ನೀರು ಹತ್ತಿರಹತ್ತಿರ ಸಾಕು. ಹಾಯಿ ಚಿಕ್ಕದು, ಹಗ್ಗ ಕೈಯಲ್ಲೇ ಎಳೆಯಬಹುದು. ಒಬ್ಬರೇ ಹೋಗಿ ಒಂದು ಗಂಟೆ ಸುತ್ತಿ ಬರಬಹುದು. ದೋಣಿ ತಯಾರು ಮಾಡುವ ಕೆಲಸ ದೊಡ್ಡದಾದಷ್ಟೂ ಜನ ಅದನ್ನು ಬಿಚ್ಚುವುದು ಕಡಿಮೆಯಾಗುತ್ತದೆ. ಚಿಕ್ಕ ದೋಣಿ ಇರುವವರು ಜಾಸ್ತಿ ಓಡಾಡುತ್ತಾರೆ, ಜಾಸ್ತಿ ಕಲಿಯುತ್ತಾರೆ.

ತೊಂದರೆ ಇರುವುದು ಒಳಗೆ. ಕಾಂಟೆಸಾ 26ರಲ್ಲಿ ಎತ್ತರದವರು ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಇಬ್ಬರು ಮೂರು ವಾರ ಅದರಲ್ಲಿ ಇರಬೇಕೆಂದರೆ ಒಬ್ಬರನ್ನೊಬ್ಬರು ತುಂಬಾ ಹಚ್ಚಿಕೊಂಡಿರಬೇಕು. ಹೊರೆಯ ಮಾತು ಆಗಲೇ ಹೇಳಿದೆ. ಒಬ್ಬರೇ ಹೋಗುವವರಿಗೆ, ಸರಳವಾಗಿ ಬದುಕಲು ಒಪ್ಪುವವರಿಗೆ, ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಕ್ಕಳಿರುವ ಕುಟುಂಬಕ್ಕೆ ಬೇಡ.

ಭಾರದ ದೋಣಿ: ವೆಸ್ಟ್‌ಸೇಲ್ 32 ಮತ್ತು ಅದರ ಬಳಗ

ಸಾಗರಕ್ಕೆ ಅಂತಲೇ ಕಟ್ಟಿದ್ದು. ಉದ್ದ ಕೀಲ್, ದಪ್ಪ ಒಡಲು, ಹಿಂದೆ ಮುಂದೆ ಎರಡೂ ಕಡೆ ಮೊನೆ, ತಿಂಗಳುಗಟ್ಟಲೆ ಸಾಮಾನು ಹಿಡಿಯುವ ಹೊಟ್ಟೆ. 1991ರ ಅಕ್ಟೋಬರ್ ಕೊನೆಯ ಅಟ್ಲಾಂಟಿಕ್ ತೂಫಾನಿನಲ್ಲಿ ‘ಸಟೋರಿ’ ಅನ್ನುವ ವೆಸ್ಟ್‌ಸೇಲ್ 32ರಿಂದ ಜನರನ್ನು ಕರಾವಳಿ ಪಡೆ ಎತ್ತಿಕೊಂಡಿತು. ಯಾರೂ ಇಲ್ಲದ ದೋಣಿ ಮುಳುಗಲಿಲ್ಲ. ಆಮೇಲೆ ಮೇರಿಲ್ಯಾಂಡ್ ತೀರದ ಮರಳಿನಲ್ಲಿ ಸಿಕ್ಕಿತು, ಮತ್ತೆ ನೀರಿಗಿಳಿಯಿತು.

ಹಾಗಂತ ಕಣ್ಣುಮುಚ್ಚಿ ಕೊಳ್ಳಬೇಡಿ. ಬಂದರಿನ ಮೆಲುಗಾಳಿಯಲ್ಲಿ 9 ಟನ್ ದೋಣಿ ಅಲುಗಾಡಲು ಬೇಸರ ಪಡುತ್ತದೆ. ಮಧ್ಯಾಹ್ನದ ಸುತ್ತಾಟಕ್ಕೆ ಎಂಜಿನ್ ಹಾಕಿಯೇ ಹೋಗಬೇಕಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ರಿವರ್ಸ್ ಕಷ್ಟ. ಬಿಡಿಸಾಮಾನೆಲ್ಲ ದೊಡ್ಡ ಅಳತೆಯದು, ದೊಡ್ಡ ಬೆಲೆಯದು. ಇನ್ನೊಂದು ಮುಖ್ಯ ವಿಷಯ: ಈ ದೋಣಿಗಳಲ್ಲಿ ಬಹಳಷ್ಟನ್ನು ಬರೀ ಒಡಲು, ಡೆಕ್ ರೂಪದಲ್ಲಿ ಮಾರಿದ್ದರು. ಒಳಗಿನ ಮರಗೆಲಸ, ವೈರಿಂಗ್, ಪೈಪು ಎಲ್ಲ ಕೊಂಡವರೇ ಮನೆಯ ಹಿತ್ತಲಿನಲ್ಲಿ ಮಾಡಿಕೊಂಡರು. ಕೆಲವರ ಕೆಲಸ ಕಾರ್ಖಾನೆಯದಕ್ಕಿಂತ ಚೆನ್ನ. ಕೆಲವರದ್ದು ನೋಡಿದರೆ ಎಲ್ಲವನ್ನೂ ಕಿತ್ತು ಮತ್ತೆ ಮಾಡಬೇಕು. ಹೆಸರು ನೋಡಿ ಬೆಲೆ ಕೊಡಬೇಡಿ, ಎದುರಿಗಿರುವ ಆ ಒಂದು ದೋಣಿಯನ್ನು ನೋಡಿ.

ಇಬ್ಬರು ವರ್ಷಗಟ್ಟಲೆ ದೋಣಿಯಲ್ಲೇ ವಾಸ ಮಾಡುತ್ತೀರಿ, ಬಂದರಿನ ಸುತ್ತಾಟ ಅಷ್ಟಕ್ಕಷ್ಟೇ ಅನ್ನುವುದಾದರೆ ಇದು ನಿಮ್ಮದು. ವಾರಾಂತ್ಯದ ಸುತ್ತಾಟವೇ ಹತ್ತರಲ್ಲಿ ಒಂಬತ್ತು ಪಾಲು ಆದರೆ, ಹೊರಲಾರದ ಭಾರ.

ನಡುದಾರಿ: ಕಾಂಟೆಸಾ 32, ಎಸ್ ಆ್ಯಂಡ್ ಎಸ್ 34

1979ರ ಅದೇ ಫಾಸ್ಟ್‌ನೆಟ್‌ನಲ್ಲಿ ಅತಿ ಚಿಕ್ಕ ದೋಣಿಗಳ ವಿಭಾಗದಿಂದ ಗುರಿ ಮುಟ್ಟಿದ್ದು ಒಂದೇ ಒಂದು: ‘ಅಸೆಂಟ್’ ಅನ್ನುವ ಕಾಂಟೆಸಾ 32. ಎಸ್ ಆ್ಯಂಡ್ ಎಸ್ 34ರಲ್ಲಿ ಜೆಸ್ಸಿ ಮಾರ್ಟಿನ್ 1999ರಲ್ಲಿ, ಜೆಸ್ಸಿಕಾ ವಾಟ್ಸನ್ 2010ರಲ್ಲಿ ಒಬ್ಬೊಬ್ಬರೇ ದೂರದ ಪಯಣ ಮುಗಿಸಿದರು. ವಾಟ್ಸನ್ ಆಗ ಇನ್ನೂ 16ರ ಹುಡುಗಿ.

ಈ ದೋಣಿಗಳ ವಿಶೇಷ ಅಂದರೆ, ಸಾಗರಕ್ಕೆ ಬೇಕಾದ ಗಟ್ಟಿತನ ಇದ್ದೂ ಬಂದರಿನಲ್ಲಿ ಹಾಯಿ ಹಾಕಿದರೆ ಸಂತೋಷ ಕೊಡುತ್ತವೆ. ಒಡಲು ಕಿರಿದು, ಕೀಲ್ ಆಳ, ಚುಕ್ಕಾಣಿಗೆ ಸ್ಕೆಗ್‌ನ ಆಸರೆ. ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತವೆ. ದಡದ ಕಡೆಗೆ ಗಾಳಿ ತಳ್ಳುತ್ತಿರುವಾಗ, ಎಂಜಿನ್ ನಿಂತುಹೋದಾಗ ಬರೀ ಹಾಯಿಯಲ್ಲೇ ಹೊರಗೆ ಬರಬಲ್ಲ ದೋಣಿ ಬೇಕು. ಸುರಕ್ಷತೆ ಅಂದರೆ ದಪ್ಪ ಒಡಲು ಮಾತ್ರ ಅಲ್ಲ, ಇದೂ ಹೌದು. ನನ್ನ ಒಲವಿಗೆ ಕಾರಣ ಇದೇ.

ಬಿಟ್ಟುಕೊಡಬೇಕಾದದ್ದೂ ಇದೆ. ಒಳಗೆ ಜಾಗ ಕಡಿಮೆ. ಇವತ್ತಿನ 28 ಅಡಿಯ ದೋಣಿಯಲ್ಲೇ ಇದಕ್ಕಿಂತ ಜಾಸ್ತಿ ಸ್ಥಳ ಇರುತ್ತದೆ. ಗಾಳಿಗೆ ಬೇಗ ವಾಲುತ್ತವೆ, ಡೆಕ್ಕಿನ ಮೇಲೆ ನೀರು ಎರಚುತ್ತದೆ. ಕಾಂಟೆಸಾ 32ಕ್ಕೆ 5.5 ಅಡಿ ಆಳ ಬೇಕು, ಆಳವಿಲ್ಲದ ಅಳಿವೆಗಳಿಗೆ ಆಗಿಬರುವುದಿಲ್ಲ. ಹೆಸರಿಗೆ ಬೆಲೆಯೂ ಜಾಸ್ತಿ. ದುಡ್ಡು ಸಾಲದಿದ್ದರೆ ಇದೇ ಮೈಕಟ್ಟಿನ, ಅಷ್ಟಾಗಿ ಹೆಸರು ಮಾಡದ 1970ರ ದಶಕದ ದೋಣಿಗಳನ್ನು ಹುಡುಕಿ. ಕಿರಿದಾದ ಒಡಲು, ಸ್ಕೆಗ್ ಇರುವ ಚುಕ್ಕಾಣಿ, 4–5 ಟನ್ ತೂಕ. ಹೆಸರು ಚಿಕ್ಕದಿದ್ದಷ್ಟೂ ಬೆಲೆ ನಿಮ್ಮ ಕಡೆ ವಾಲುತ್ತದೆ.

ಅಗಲದ ಕರಾವಳಿ ದೋಣಿ: ಕ್ಯಾಟಲಿನಾ, ಹಂಟರ್, ಬೆನೆಟೋ ತರಹದವು

ಕ್ಯಾಟಲಿನಾ 30ನ್ನು ಸಾವಿರಗಟ್ಟಲೆ ಕಟ್ಟಿದ್ದಾರೆ. ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಒಳಗೆ ವಿಶಾಲ, ಬೆಳಕು, ಒಳ್ಳೆ ಅಡುಗೆ ಜಾಗ. ಮನೆಮಂದಿಯನ್ನೆಲ್ಲ ಕರೆದುಕೊಂಡು ಲಂಗರು ಹಾಕಿ ರಾತ್ರಿ ಕಳೆಯಲು ಇದಕ್ಕೆ ಸಾಟಿಯಿಲ್ಲ. ಮನೆಯವರಿಗೆ ದೋಣಿ ಇಷ್ಟವಾಗುವುದು ಸಣ್ಣ ವಿಷಯ ಅಲ್ಲ. ಒಬ್ಬರಿಗೆ ಮಾತ್ರ ಹಿಡಿಸಿದ ದೋಣಿ ಬೇಗ ಮಾರಾಟಕ್ಕೆ ಬರುತ್ತದೆ.

ಸಾಗರ? ಪ್ಯಾಟ್ರಿಕ್ ಚೈಲ್ಡ್ರೆಸ್ ಕ್ಯಾಟಲಿನಾ 27ರಲ್ಲಿ ಒಬ್ಬರೇ ಭೂಮಿ ಸುತ್ತಿದ್ದಾರೆ. ಲಾರಾ ಡೆಕ್ಕರ್ 2012ರಲ್ಲಿ 16ನೇ ವಯಸ್ಸಿಗೆ ಭೂಮಿ ಸುತ್ತಿ ಮುಗಿಸಿದ್ದು ಜೆನ್ನೋ ಜಿನ್ ಫಿಜ್ ಅನ್ನುವ, ಸಾಲುಸಾಲಾಗಿ ತಯಾರಾದ ಹಳೇ ದೋಣಿಯಲ್ಲಿ. ಅಂದರೆ ಆಗುವುದಿಲ್ಲ ಅಂತ ಅಲ್ಲ. ಆದರೆ ಅವರು ಹೊರಡುವ ಮೊದಲು ದೋಣಿಯನ್ನು ತಯಾರು ಮಾಡಿದ ಶ್ರಮವನ್ನೂ ಲೆಕ್ಕಕ್ಕೆ ತಗೋಬೇಕು, ಅಲ್ವಾ?

ಇಲ್ಲಿ ಮೊದಲು ನೋಡಬೇಕಾದದ್ದು ಕೀಲ್ ಒಡಲಿಗೆ ಸೇರುವ ಜಾಗ. ಹಳೇ ಕ್ಯಾಟಲಿನಾಗಳಲ್ಲಿ ಆ ಸಂದಿನ ಮುಂಭಾಗದಲ್ಲಿ ಬಿರುಕು ಬಿಡುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ‘ಕ್ಯಾಟಲಿನಾ ನಗು’ ಅಂತಲೇ ಹೆಸರು ಬಿದ್ದಿದೆ. ಬರೀ ತುಂಬಿದ ಪುಟ್ಟಿ ಬಿಟ್ಟಿದ್ದರೆ ಸರಿಮಾಡಬಹುದು. ಒಳಗಿನ ಮರ ಕೊಳೆತಿದ್ದರೆ, ಬೋಲ್ಟ್ ತುಕ್ಕು ಹಿಡಿದಿದ್ದರೆ ಕೆಲಸ ದೊಡ್ಡದು. ನೆಲಕ್ಕೆ ತಾಗಿದ ಇತಿಹಾಸ ಇದ್ದರಂತೂ ಎರಡು ಸಲ ಯೋಚಿಸಿ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ ‘ಚೀಕಿ ರಫೀಕಿ’ ಅನ್ನುವ 40 ಅಡಿಯ ದೋಣಿಯ ಕೀಲ್ ಕಳಚಿಹೋಗಿ ನಾಲ್ವರು ಸತ್ತರು. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲೆ ಮಾಡಿದ ರಿಪೇರಿ ಸೇರಿ ಕೀಲಿನ ಬುಡ ದುರ್ಬಲವಾಗಿರಬಹುದು ಅಂತ ಬ್ರಿಟನ್ನಿನ ತನಿಖಾ ವರದಿ ಹೇಳಿತು.

ನನ್ನ ತೀರ್ಮಾನ: ಮುಂದಿನ ನಾಲ್ಕೈದು ವರ್ಷ ಕರಾವಳಿಯಲ್ಲೇ ಇರುತ್ತೀರಿ ಅಂತ ನಿಮಗೇ ಗೊತ್ತಿದ್ದರೆ ಇದನ್ನೇ ಕೊಳ್ಳಿ, ಖುಷಿಯಾಗಿರಿ. ಸಾಗರದ ಹೊತ್ತು ಬಂದಾಗ ಮಾರಿ ಬೇರೆಯದು ತಗೊಳ್ಳಿ. ಈ ಮಾದರಿಗಳಿಗೆ ಕೊಳ್ಳುವವರು ಯಾವಾಗಲೂ ಇರುತ್ತಾರೆ. ನಡುವೆ ಸಾಗರದ ರುಚಿ ನೋಡಬೇಕೆನಿಸಿದರೆ ಬೇರೆಯವರ ದೋಣಿಯಲ್ಲಿ ಸಿಬ್ಬಂದಿಯಾಗಿ ಹೋಗಿ. ರಾತ್ರಿ ಪಾಳಿ, ಎಡೆಬಿಡದ ಕುಲುಕಾಟ, ತಿಂಗಳು ನೆಲ ಕಾಣದಿರುವುದು ನಿಮಗೆ ಹಿಡಿಸುತ್ತದಾ ಅಂತ ತಿಳಿಯಲು ಇದೇ ಅಗ್ಗದ ದಾರಿ.

ಬೇರೆ ಬೇರೆ

ಉಕ್ಕಿನ ದೋಣಿ ಬಂಡೆಗೆ ಬಡಿದರೂ ತಗ್ಗಾಗುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ಆದರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಅಲ್ಟ್ರಾಸೌಂಡ್ ಮೀಟರ್ ಇಟ್ಟು ತಗಡಿನ ದಪ್ಪ ಅಳೆಸದೆ ಕೊಳ್ಳಬೇಡಿ. ಮರದ್ದು ಸುಂದರ, ಮರಗೆಲಸ ನಿಮಗೇ ಬಂದರೆ ಮಾತ್ರ. ಸಿಮೆಂಟ್ ದೋಣಿ ತುಂಬಾ ಅಗ್ಗಕ್ಕೆ ಸಿಗುತ್ತದೆ. ವಿಮೆ ಸಿಗುವುದು ಕಷ್ಟ, ಮಾರುವುದು ಇನ್ನೂ ಕಷ್ಟ. ಎರಡು ಒಡಲಿನ ಕ್ಯಾಟಮರಾನ್ ನೆಟ್ಟಗೆ ನಿಂತಿರುತ್ತದೆ, ಜಾಗ ಧಾರಾಳ. ಆದರೆ ಕಡಿಮೆ ಬೆಲೆಗೆ ಸಿಗುವವು ತೀರಾ ಹಳೆಯವು, ನಿಲ್ಲಿಸಲು ಎಷ್ಟೋ ಕಡೆ ಬಾಡಿಗೆ ಜಾಸ್ತಿ, ಒಮ್ಮೆ ಮಗುಚಿದರೆ ತಾನಾಗಿ ಏಳುವುದಿಲ್ಲ.

ಕಣ್ಣಿಗೆ ಕಂಡದ್ದನ್ನು ಕೈಯಿಂದ ಮುಟ್ಟಿ ನೋಡಿ

ಮಾದರಿ ಆರಿಸಿದ್ದಾಯಿತು. ಈಗ ಎದುರಿಗಿರುವ ದೋಣಿ. ಒಳ್ಳೆ ಮಾದರಿಯ ಕೆಟ್ಟ ದೋಣಿಗಿಂತ ಸಾಧಾರಣ ಮಾದರಿಯ ಚೆನ್ನಾಗಿ ನೋಡಿಕೊಂಡ ದೋಣಿ ವಾಸಿ. ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ ದುಡ್ಡು ಕೊಡುವ ಮೊದಲು ನೀವೇ ಅರ್ಧ ದಿನ ಕೂತು ನೋಡಿದರೆ ಬೇಡದವು ಅಲ್ಲೇ ಉದುರುತ್ತವೆ.

ಒಂದು ಸ್ಕ್ರೂಡ್ರೈವರ್ ತಗೊಂಡು, ಅದರ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಬೆರಳಗಲ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ‘ಟಕ್ ಟಕ್’ ಅನ್ನುತ್ತದೆ. ಒಮ್ಮೆಲೇ ದನಿ ಮಂದವಾಗಿ ‘ದಬ್’ ಅಂದರೆ ಅಲ್ಲೇ ನಿಲ್ಲಿ. ಡೆಕ್ಕಿನ ಎರಡು ಪದರಗಳ ನಡುವೆ ಎಷ್ಟೋ ದೋಣಿಗಳಲ್ಲಿ ಬಾಲ್ಸಾ ಮರ ಇರುತ್ತದೆ. ಸ್ಕ್ರೂ ತೂತಿನಿಂದ ಇಳಿದ ನೀರು ಅದನ್ನು ಕೊಳೆಸಿರುತ್ತದೆ. ಸೀಮೆಸುಣ್ಣದಲ್ಲಿ ಆ ಜಾಗದ ಸುತ್ತ ಗೆರೆ ಎಳೆಯಿರಿ, ಮುಂದೆ ಹೋಗಿ. ಮುಗಿದ ಮೇಲೆ ಎದ್ದು ನಿಂತು ನೋಡಿದರೆ ಕೊಳೆತದ್ದೆಷ್ಟು ಅಂತ ನಕಾಶೆಯೇ ಸಿಗುತ್ತದೆ. ಅಂಗೈಯಗಲದ ಎರಡು ಮೂರು ಗೆರೆ ಇದ್ದರೆ ಬೆಲೆ ಇಳಿಸಿ ಕೇಳಿ. ಡೆಕ್ಕಿನ ಕಾಲು ಭಾಗವೇ ಗೆರೆಯೊಳಗಿದ್ದರೆ ಬಿಟ್ಟುಬಿಡಿ.

ಹಾಯಿಯ ಕಂಬ ಡೆಕ್ಕಿನ ಮೇಲೆ ನಿಂತಿರುವ ದೋಣಿಯಾದರೆ ಕಂಬದ ಬುಡ ತಗ್ಗಾಗಿದೆಯೇ ನೋಡಿ. ಕೆಳಗಿನ ತೊಲೆ ಬಾಗಿದ್ದರೆ ಒಳಗಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಮುಚ್ಚಿ ನೋಡಿ.

ಆಮೇಲೆ ಚೈನ್‌ಪ್ಲೇಟ್. ಕಂಬವನ್ನು ಹಿಡಿದಿರುವ ತಂತಿಗಳು ದೋಣಿಗೆ ಕಚ್ಚಿಕೊಳ್ಳುವ ಪಟ್ಟಿ ಇದು. ಡೆಕ್ಕನ್ನು ತೂರಿ ಒಳಗೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಗಾಳಿಯಾಡಬೇಕು. ಒದ್ದೆ ಸಂದಿಯಲ್ಲಿ ಉಸಿರುಗಟ್ಟಿದರೆ ಕಣ್ಣಿಗೆ ಕಾಣದ ಕಡೆ ತಿನ್ನಿಸಿಕೊಳ್ಳುತ್ತದೆ. ಕಪಾಟು ತೆಗೆದು, ಟಾರ್ಚ್ ಹಿಡಿದು, ಆ ಪಟ್ಟಿಯ ಕೆಳಗೆ ಮರದ ಮೇಲೆ ಕಂದು ಗೆರೆ ಇಳಿದಿದೆಯೇ ನೋಡಿ. ಇದ್ದರೆ ಪಟ್ಟಿಯನ್ನು ಹೊರಗೆ ತೆಗೆದು ನೋಡುವವರೆಗೂ ನಂಬಬೇಡಿ. ತಂತಿಗಳಿಗೆ 10ರಿಂದ 15 ವರ್ಷ ಆಯಸ್ಸು. ಯಾವಾಗ ಬದಲಿಸಿದ್ದು ಅಂತ ಮಾಲೀಕರಿಗೆ ನೆನಪಿಲ್ಲದಿದ್ದರೆ ಹೊಸದರ ಖರ್ಚು ನಿಮ್ಮದು ಅಂತಲೇ ಲೆಕ್ಕ ಹಾಕಿ.

ಒಡಲಿನ ತೂತುಗಳನ್ನು ಮುಚ್ಚಿ ತೆರೆಯುವ ನಲ್ಲಿಗಳಾದ ಸೀಕಾಕ್‌ಗಳನ್ನು ಒಂದೊಂದಾಗಿ ತಿರುಗಿಸಿ. ಆದರೆ ದೋಣಿ ದಡದ ಮೇಲಿದ್ದಾಗ. ನೀರಿನಲ್ಲಿದ್ದಾಗ ಹಟ ಮಾಡಿ ತಿರುಗಿಸಿ ಮುರಿದುಕೊಳ್ಳಬೇಡಿ. ಲೋಹವನ್ನು ಸ್ವಲ್ಪ ಕೆರೆದು ನೋಡಿ. ಹಳದಿ ಹೊಳಪಿನ ಬದಲು ಗುಲಾಬಿ ಬಣ್ಣ ಕಂಡರೆ ಹಿತ್ತಾಳೆಯ ಸತು ತೊಳೆದುಹೋಗಿದೆ, ಉಳಿದದ್ದು ಬರೀ ಪೊಳ್ಳು ತಾಮ್ರ.

ತಳದ ಫೈಬರ್ ಮೇಲಿನ ಗುಳ್ಳೆ ಕಂಡು ಹೆದರುವವರು ಬಹಳ. ನಾಲ್ಕಾರು ಗುಳ್ಳೆಯಿಂದ ದೋಣಿ ಮುಳುಗುವುದಿಲ್ಲ. ಬೆಲೆ ಇಳಿಸಲು ಒಳ್ಳೆ ಕಾರಣ ಅಷ್ಟೇ.

ಎಂಜಿನ್ ನೋಡಲು ಹೋಗುವ ದಿನ, ಮೊದಲೇ ಚಾಲೂ ಮಾಡಿಡಬೇಡಿ ಅಂತ ಮಾಲೀಕರಿಗೆ ಹೇಳಿ. ಹೋದ ತಕ್ಷಣ ಕೈಯಿಟ್ಟು ನೋಡಿ, ತಣ್ಣಗಿರಬೇಕು. ತಣ್ಣಗಿದ್ದಾಗ ಎದ್ದ ಡೀಸೆಲ್ ಎಂಜಿನ್ ಅರ್ಧ ಪರೀಕ್ಷೆ ಪಾಸಾದಂತೆ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಹೊರೆ ಜಾಸ್ತಿ. ಹಳೇ ದೋಣಿಗಳಲ್ಲಿ ಪೆಟ್ರೋಲ್ ಎಂಜಿನ್‌ಗಳೂ ಇವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂತುಬಿಡುತ್ತದೆ. ಬಂದರಿನೊಳಗೆ ಎಚ್ಚರಿಕೆಯಿಂದ ಬಳಸಬಹುದು. ಸಾಗರಕ್ಕೆ ಡೀಸೆಲ್ ಇರಲಿ.

ದುಡ್ಡನ್ನು ಹಂಚುವುದು

ಕೈಯಲ್ಲಿರುವುದನ್ನು ಹತ್ತು ಪಾಲು ಮಾಡಿ. ಬಂದರಿಗಷ್ಟೇ ಆದರೆ ಏಳೆಂಟು ಪಾಲನ್ನು ದೋಣಿಗೇ ಕೊಡಬಹುದು. ಸಾಗರಕ್ಕೆ ಹೋಗುವುದಾದರೆ ಐದು ಪಾಲು ದಾಟಬೇಡಿ. ಉಳಿದ ಐದರಲ್ಲಿ ತಂತಿ, ಹಾಯಿ, ದೊಡ್ಡ ಲಂಗರು, ಲೈಫ್‌ರಾಫ್ಟ್, ಅಪಾಯದಲ್ಲಿ ಸಂಕೇತ ಕಳಿಸುವ ತುರ್ತು ಬೀಕನ್, ಗಾಳಿಯಿಂದಲೇ ನಡೆಯುವ ವಿಂಡ್‌ವೇನ್ ಎಲ್ಲ ಬರಬೇಕು. ವಿಂಡ್‌ವೇನ್ ಕರೆಂಟ್ ಕೇಳುವುದಿಲ್ಲ, ಹಗಲೂ ರಾತ್ರಿ ಚುಕ್ಕಾಣಿ ಹಿಡಿದಿರುತ್ತದೆ. ಇಬ್ಬರೇ ಹೋಗುವ ಚಿಕ್ಕ ದೋಣಿಗೆ ಅದಿಲ್ಲದೆ ದೂರದ ದಾರಿ ಹೊರಡಬೇಡಿ.

ಈ ಐದು ಪಾಲನ್ನು ಉಳಿಸುವ ದಾರಿ ಒಂದಿದೆ. ಈಗಷ್ಟೇ ದೂರದ ಪಯಣ ಮುಗಿಸಿದವರ ದೋಣಿ ಹುಡುಕಿ. ವಿಂಡ್‌ವೇನ್, ಸೋಲಾರ್ ಫಲಕ, ಗಟ್ಟಿ ಲಂಗರು ಎಲ್ಲ ಅದರಲ್ಲೇ ಇರುತ್ತವೆ. ಮಾರುವಾಗ ಇವುಗಳಿಗೆ ಹಾಕಿದ ದುಡ್ಡು ಎಂದೂ ಪೂರ್ತಿ ವಾಪಸ್ ಬರುವುದಿಲ್ಲ. ಆ ನಷ್ಟ ಹಿಂದಿನವರದು, ಲಾಭ ನಿಮ್ಮದು. ಹಾಯಿ, ಹಗ್ಗ ಸವೆದಿರುತ್ತವೆ, ರಾಫ್ಟಿನ ಸರ್ವಿಸ್ ತಾರೀಖು ಮೀರಿರಬಹುದು. ಅದನ್ನು ಬೆಲೆಯಲ್ಲಿ ಹಿಡಿಯಿರಿ. ಐದು ವರ್ಷ ಕದಲದೆ ನಿಂತ, ಮೇಲೆ ಪಾಲಿಶ್ ಹೊಳೆಯುವ ದೋಣಿಗಿಂತ ಇದು ಮೇಲು.

ಇನ್ನು ಯಾರಿಗೆ ಯಾವುದು? ಒಬ್ಬರೇ, ದುಡ್ಡು ತೀರಾ ಕಡಿಮೆ, ಎರಡು ವರ್ಷದೊಳಗೆ ಹೊರಡಬೇಕು ಅಂದರೆ ವೇಗಾ ತರಹದ್ದು. ಇಬ್ಬರು, ವಾರ ವಾರ ಹಾಯಿ ಹಾಕುವ ಹುಚ್ಚು, ಸಾಗರವೂ ಖಂಡಿತ ಅಂದರೆ ನಡುದಾರಿಯ 30–34 ಅಡಿಯದು. ದೋಣಿಯೇ ಮನೆ ಅಂದರೆ ಭಾರದ್ದು. ಮಕ್ಕಳು, ನೆಂಟರು, ಕರಾವಳಿ ಅಂದರೆ ಅಗಲದ್ದು.

ಆರಿಸಿದ ಮೇಲೆ ಮುಂಗಡ ಕೊಡುವಾಗ ಮೂರು ಷರತ್ತು ಬರೆಸಿಕೊಳ್ಳಿ: ಸರ್ವೇ ಸರಿ ಬರಬೇಕು, ಸಮುದ್ರದಲ್ಲಿ ಓಡಿಸಿ ನೋಡಬೇಕು, ಮಾಲೀಕತ್ವದ ಕಾಗದ ಚೊಕ್ಕವಾಗಿದ್ದು ದೋಣಿಯ ಮೇಲೆ ಸಾಲ ಇರಬಾರದು. ಯಾವುದೊಂದು ತಪ್ಪಿದರೂ ಮುಂಗಡ ವಾಪಸ್. ಓಡಿಸಿ ನೋಡುವ ದಿನ ಗಾಳಿ ಸ್ವಲ್ಪ ಜೋರಾಗಿಯೇ ಇರಲಿ. ಎಲ್ಲ ಹಾಯಿಗಳನ್ನೂ ಬಿಚ್ಚಿಸಿ, ಎಂಜಿನ್ ಅನ್ನು ಪೂರ್ತಿ ವೇಗದಲ್ಲಿ ಹದಿನೈದು ನಿಮಿಷ ಓಡಿಸಿ, ಆಮೇಲೆ ಕೆಳಗಿಳಿದು ನೆಲದ ಹಲಗೆ ಎತ್ತಿ, ಹೊಸದಾಗಿ ನೀರು ಬಂದಿದೆಯೇ ಅಂತ ಕೈ ಹಾಕಿ ನೋಡಿ.